ಮೂರಕ್ಕೂ ನಾಲ್ಕಕ್ಕೂ ನಡುವೆ

ಜುಲೈ ತಿಂಗಳ ಚಳಿ, ಬ್ಯೂನಸ್ ಐರಿಸ್.
ಗುರುವಾರ ಸಂಜೆ ಆರಕ್ಕೆ
ಡಾಕ್ಟರ್ ಮಿರ್ತಾ ಸಿಲ್ಬರ್ ಅವರ ಕೋಣೆ, ನಾಲ್ಕನೇ ಮಹಡಿ.
ಮೆಟ್ಟಿಲು ಹತ್ತಿಯೇ ಹೋಗುತ್ತೇನೆ.
ಲಿಫ್ಟು ಇದೆ, ಜಾಲರಿ ಬಾಗಿಲಿನದು.
ಎಣ್ಣೆ ಕೇಳುತ್ತಿದೆ ಅಂತ ಸದ್ದಿನಲ್ಲೇ ಗೊತ್ತು.
ಫೀಸಿನ ಬದಲು ರಿಪೇರಿ ಮಾಡಿಕೊಡಲೇ ಅಂದಿದ್ದೆ ಮೊದಲ ವಾರ.
"ಅದು ಅದು, ಇದು ಇದು" ಅಂದರು, ಕನ್ನಡಕ ಒರೆಸುತ್ತ.

ಮೂವತ್ತೊಂದು ವರ್ಷದಿಂದ ಲಿಫ್ಟ್ ಮೆಕ್ಯಾನಿಕ್ಕು, ನಸರೇನೊ ಬೊರ್ದೋನ್.
ಪೆಟ್ಟಿಗೆಯ ನೆತ್ತಿಯ ಮೇಲೆ ಕೂತು
ಎಷ್ಟು ಮಹಡಿ ಏರಿದ್ದೇನೋ ಲೆಕ್ಕವಿಲ್ಲ:
ಹಗ್ಗ, ಗ್ರೀಸು, ಟಾರ್ಚಿನ ಬೆಳಕು.
ಒಳಗೆ ಮಾತ್ರ ನಿಂತವನಲ್ಲ.
"ತಾನು ಮಾಡಿದ ಸಾರು ತಾನೇ ಉಣ್ಣದ ಭಟ್ಟ" ಅಂತ ನಗುತ್ತಾಳೆ ಹೆಂಡತಿ.
ನಾನೂ ನಗುತ್ತೇನೆ.
ನಗುವುದು ನನಗೆ ಚೆನ್ನಾಗಿ ಬರುತ್ತದೆ.

ಆ ಕಥೆಯನ್ನೂ ನಗುತ್ತಲೇ ಹೇಳಿದೆ,
ಭಾನುವಾರದ ಕೆಂಡದ ಮುಂದೆ, ಮಾಂಸ ಸುಡುತ್ತ,
ನಲವತ್ತು ವರ್ಷ ಹೇಳಿಕೊಂಡು ಬಂದ ಹಾಗೇ:
ಅಪ್ಪ ಅಲ್ಮಾಗ್ರೊದ ಕಟ್ಟಡವೊಂದರ ಕಾವಲುಗಾರ.
ಒಂಬತ್ತು ವರ್ಷದ ನಾನು ಐದನೇ ಮಹಡಿಯ ಬಾಗಿಲು
ಸರಿಯಾಗಿ ಮುಚ್ಚದೆ ಬಂದೆ.
ಬೆರಳಷ್ಟು ಸಂದಿದ್ದರೂ ಸಾಕು, ಲಿಫ್ಟು ಅಲುಗುವುದಿಲ್ಲ.
ಕೆಳಗೆ ಮುದುಕಿಯೊಬ್ಬಳು ಚೀಲ ಹಿಡಿದು ಕಾದಳು, ಕೂಗಾಡಿದಳು.
ಅಪ್ಪ ನನ್ನನ್ನು ಒಳಗೆ ನಿಲ್ಲಿಸಿ
ಮೂರಕ್ಕೂ ನಾಲ್ಕಕ್ಕೂ ನಡುವೆ ಕರೆಂಟು ತೆಗೆದ,
ಬಾಗಿಲ ಬೆಲೆ ಗೊತ್ತಾಗಲಿ ಅಂತ.
ಐದೇ ನಿಮಿಷ. ಚಡ್ಡಿ ಒದ್ದೆ!
ಇಲ್ಲಿಗೆ ಬಂದಾಗ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ.

ಮಿರ್ತಾ ನಗಲಿಲ್ಲ.
"ಐದು ನಿಮಿಷ ಅಂತ ಹೇಳಿದ್ದು ಯಾರು?"
ಆ ದಿನದ ಮಾತು ಅಲ್ಲಿಗೆ ನಿಂತಿತು.

ಸೋಮವಾರ ಸಿರೊ, ನನ್ನ ಕೈಕೆಳಗಿನ ಹುಡುಗ, ಹತ್ತೊಂಬತ್ತು ತುಂಬಿಲ್ಲ,
ಏಳನೇ ಮಹಡಿಯಲ್ಲಿ ಬಾಗಿಲು ಅರೆ ಬಿಟ್ಟು ಬಂದ.
ನನ್ನ ಬಾಯಿಂದ ಬಂದದ್ದು ನನ್ನ ದನಿಯಲ್ಲ.
ಒಂದೊಂದು ಬೈಗುಳಕ್ಕೂ ಅಪ್ಪನ ಹಲ್ಲು, ಅಪ್ಪನ ತಂಬಾಕು.
ಹುಡುಗ ನಗಲು ನೋಡಿದ,
ತುಟಿಯ ಒಂದೇ ತುದಿ ಎದ್ದಿತು.
ಆ ನಗು ನನಗೆ ಗೊತ್ತು.
ದಿನಾ ಬೆಳಿಗ್ಗೆ ಅದಕ್ಕೆ ಕ್ಷೌರ ಮಾಡುತ್ತೇನೆ.

ರಾತ್ರಿ ಅಡುಗೆಮನೆಯಲ್ಲಿ
ಸೋರೆಬುರುಡೆಯ ಕಹಿ ಕಷಾಯ ಹೀರುತ್ತ ಕೂತೆ.
ಐದು ನಿಮಿಷವೇ?
ಒಳಗೆ ಹೋದಾಗ ಜಾಲರಿಯ ನೆರಳು
ನನ್ನ ಶೂ ಮೇಲೆ ಬಿದ್ದಿತ್ತು, ಚೌಕ ಚೌಕ.
ಹೊರಗೆ ಬಂದಾಗ ಬೀದಿದೀಪ ಹತ್ತಿತ್ತು.
ನಡುವೆ ಯಾರದೋ ಮನೆಯಲ್ಲಿ
ಈರುಳ್ಳಿ ಹುರಿದರು, ಉಂಡರು, ತಟ್ಟೆ ತೊಳೆದರು;
ಒಂದೂ ಬಿಡದೆ ಕೇಳಿಸಿಕೊಂಡಿದ್ದೇನೆ.
ಐದು ನಿಮಿಷ ಅಂತ ಅಪ್ಪ ಎಂದೂ ಅನ್ನಲಿಲ್ಲ.
ಅಪ್ಪನನ್ನು ಉಳಿಸಿಕೊಳ್ಳಬೇಕಿತ್ತಲ್ಲ,
ಗಂಟೆಗಳನ್ನು ನಾನೇ ಕತ್ತರಿಸಿದೆ,
ಉಳಿದ ಚೂರಿಗೆ ನಗುವಿನ ಅಂಚು ಹೊಲಿದೆ.
ಊರಲ್ಲಿ ಯಾವ ಲಿಫ್ಟು ನಿಂತರೂ
ಹೆಗಲು ಮುಟ್ಟಿ ನೋಡಿಕೊಳ್ಳುತ್ತ ಬದುಕಿದೆ.

ಲಿಫ್ಟು ಬಾರದಿದ್ದರೆ ಜನ ಮೋಟಾರಿಗೆ ಶಾಪ ಹಾಕುತ್ತಾರೆ.
ಹತ್ತರಲ್ಲಿ ಎಂಟು ಸಲ ಮೋಟಾರು ನೆಟ್ಟಗಿರುತ್ತದೆ,
ಯಾವುದೋ ಮಹಡಿಯಲ್ಲಿ ಒಂದು ಬಾಗಿಲು ಕೂತಿರುವುದಿಲ್ಲ.
ಒಂದೊಂದೇ ಮಹಡಿ ಹತ್ತಿ ಮುಟ್ಟಿ ನೋಡಬೇಕು.
ಸಾವಿರ ಜನಕ್ಕೆ ಹೇಳಿದ್ದೇನೆ ಇದನ್ನು, ಬಿಲ್ಲು ಕೊಡುತ್ತ.

ಮುಂದಿನ ಗುರುವಾರ ಜಾಲರಿ ಎಳೆದು ಒಳಗೆ ನಿಂತೆ.
ಒಂದು.
ಎರಡು. ಬೆನ್ನಿಗೆ ಬೆವರು.
ಮೂರಕ್ಕೆ ಇಳಿದುಬಿಟ್ಟೆ, ಉಳಿದದ್ದು ಕಾಲ್ನಡಿಗೆ.
ಬಾಗಿಲು ಮುಚ್ಚಿ ಎರಡು ಸಲ ಜಗ್ಗಿ ನೋಡಿದೆ.
"ಮೂರು" ಅಂದೆ ಮಿರ್ತಾಗೆ.
"ಮೂರು" ಅಂದರು ಅವರೂ.

ಸಿರೊನ ಕ್ಷಮೆ ಕೇಳಿದೆ. ಪರವಾಗಿಲ್ಲ ಅಂದ.
ಈಗಲೂ ನಾನು ಕೈಯೆತ್ತಿದರೆ, ಸ್ಪ್ಯಾನರ್ ಕೇಳಲಿಕ್ಕಾದರೂ,
ಅವನ ಭುಜ ತುಸು ಕುಗ್ಗುತ್ತದೆ.
ನೋಡುತ್ತೇನೆ.
ಕೈ ನಿಧಾನ ಎತ್ತುವುದನ್ನು ಕಲಿಯುತ್ತಿದ್ದೇನೆ.